ನಾನಿಯ ಫೂಲಿ, ಅಪ್ಪನ ಪತ್ರ

ನನ್ನ ಮೂಗಿನಲ್ಲಿ ತೂತಿದ್ದ ಕಾಲ ಅಂತ ಒಂದಿತ್ತು. ಒಟ್ಟು ಇಪ್ಪತ್ತೇಳು ದಿನ. ಆಗ ನನಗೆ ಹನ್ನೊಂದು ವರ್ಷ, ನ್ಯೂಜಿಲೆಂಡಿನ ಪಾಪಕುರಾದಲ್ಲಿ ರೈಲು ಹಳಿಯಿಂದ ಎರಡು ಬೀದಿ ಈಚೆ ಬಾಡಿಗೆ ಮನೆ, ಹಿತ್ತಲಲ್ಲೊಂದು ಪ್ಲಮ್ ಮರ, ಜನವರಿಯ ಬೇಸಿಗೆ ರಜೆ. ಬಾಲ್ಯದ ನೆನಪು ಬರೆಯುವವರೆಲ್ಲ ಇಲ್ಲಿಗೆ ಬಂದಾಗ ದನಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ನನಗೆ ಅದು ಆಗುವುದಿಲ್ಲ. ಆ ರಜೆ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಬಾಯಿಗೆ ಕನ್ನಡವೇ ಬರುತ್ತದೆ. ಅಪ್ಪ ಕಲಿಸಿದ ಕನ್ನಡ. ಅವನ ಮೇಲೆ ಬರೆಯುವುದಕ್ಕೂ ಅದೇ ಬೇಕಾಯಿತು.

ಅಪ್ಪ ಧಾರವಾಡದವನು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅಮ್ಮ ನರ್ಸ್. ಅವಳು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಮನೆಮಾತು ಸಿಂಧಿ. ಇಬ್ಬರಿಗೂ ಪರಿಚಯವಾದದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ. ಮದುವೆಗೆ ಎರಡೂ ಕಡೆಯವರು ಮುಖ ಗಂಟು ಹಾಕಿಕೊಂಡೇ ಬಂದಿದ್ದರಂತೆ. ನಾನು ಐದು ವರ್ಷದವಳಿದ್ದಾಗ ಮೂವರೂ ನ್ಯೂಜಿಲೆಂಡಿಗೆ ಬಂದೆವು. ಆ ಡಿಸೆಂಬರಿನಲ್ಲಿ ಅಮ್ಮನ ತಾಯಿ, ನನ್ನ ನಾನಿ, ಆರು ತಿಂಗಳ ವೀಸಾದ ಮೇಲೆ ಮೊದಲ ಸಲ ನಮ್ಮ ಮನೆಗೆ ಬಂದಳು. ತಂದ ಉಪ್ಪಿನಕಾಯಿ ಏರ್‌ಪೋರ್ಟಿನ ಕಸದ ತೊಟ್ಟಿಗೆ ಹೋಯಿತು, ಹಪ್ಪಳ ಮಾತ್ರ ಮನೆ ಸೇರಿತು.

ನಾನಿಯ ಕನ್ನಡ ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಕನ್ನಡ. ನಾನಾ, ಅಂದರೆ ಅಮ್ಮನ ತಂದೆ, ಬದುಕಿದ್ದಾಗ ಗಲ್ಲಾದ ಪಕ್ಕ ಕೂತು ಗಿರಾಕಿಗಳ ಹತ್ತಿರ ಕಲಿತದ್ದು. ಅದಕ್ಕೇ ಪೋಸ್ಟಿನವನು ಬಂದರೂ ‘ಬನ್ನಿ, ಕೂತ್ಕೊಳ್ಳಿ, ಒಳಗೆ ಇನ್ನೂ ಇದೆ ನೋಡಿ’ ಅನ್ನುವ ಧಾಟಿ. ಮನೆಗೆ ಯಾರೇ ಬರಲಿ, ನೀರಿನ ಜೊತೆ ಒಂದು ಸುಟ್ಟ ಹಪ್ಪಳ ಕೊಡಲೇಬೇಕು, ಅದು ಸಿಂಧಿಗಳ ಪದ್ಧತಿ. ನನ್ನ ಗೆಳತಿ ಹಿನೆ ಆ ಹಪ್ಪಳಕ್ಕಾಗಿಯೇ ದಿನಾ ಹಿತ್ತಲ ಬೇಲಿ ಹಾರಿ ಬರುತ್ತಿದ್ದಳು. ಹಿನೆ ಮಾವೊರಿ ಹುಡುಗಿ, ಪಕ್ಕದ ಮನೆಯವಳು, ನನ್ನದೇ ಕ್ಲಾಸು. ಕೊರಳಲ್ಲಿ ಯಾವಾಗಲೂ ಒಂದು ಹಸಿರು ಕಲ್ಲಿನ ಪದಕ. ಅವಳ ಅಜ್ಜಿ ಕಟ್ಟಿದ್ದು. ಈಜುವಾಗಲೂ ಬಿಚ್ಚುತ್ತಿರಲಿಲ್ಲ.

ನಾನಿಯ ಎಡ ಮೂಗಿನಲ್ಲಿ ಫೂಲಿ. ಫೂಲಿ ಅಂದರೆ ನಮ್ಮ ಮೂಗುಬೊಟ್ಟೇ. ಆರು ಎಸಳಿನ ಸಣ್ಣ ಚಿನ್ನದ ಹೂವು, ನಡುವೆ ಸಾಸಿವೆಯಷ್ಟು ಕೆಂಪು ಕಲ್ಲು. ಎಸಳುಗಳು ಸವೆದು ನುಣ್ಣಗಾಗಿದ್ದವು. ಮಧ್ಯಾಹ್ನ ಅವಳು ಕೋಕಿ ಲಟ್ಟಿಸುತ್ತಾ ಒಡವೆಗಳ ಕತೆ ಹೇಳುತ್ತಿದ್ದಳು. ಕೋಕಿ ಅಂದರೆ ಈರುಳ್ಳಿ, ಹಸಿಮೆಣಸು, ಒಣ ದಾಳಿಂಬೆ ಬೀಜ ಹಾಕಿ ಎರಡೆರಡು ಸಲ ಬೇಯಿಸುವ ದಪ್ಪ ರೊಟ್ಟಿ. ಆ ಸುಟ್ಟ ಈರುಳ್ಳಿಯ ವಾಸನೆಗೂ ಆ ಕತೆಗಳಿಗೂ ನನ್ನ ತಲೆಯಲ್ಲಿ ಗಂಟು ಬಿದ್ದುಹೋಗಿದೆ.

ಅವಳ ತಾಯಿಯ ಕೈಯಲ್ಲಿ ಮಣಿಕಟ್ಟಿನಿಂದ ತೋಳಿನವರೆಗೆ ಆನೆದಂತದ ಬಳೆಗಳಿದ್ದವಂತೆ. ಕೆಳಗೆ ಸಣ್ಣವು, ಮೇಲೆ ಹೋದಂತೆ ದೊಡ್ಡವು. ಹಿಟ್ಟು ನಾದುವಾಗ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಆ ಸದ್ದು ನಿಂತರೆ ಮಕ್ಕಳಿಗೆ ಊಟ ತಯಾರು ಅಂತ ಗೊತ್ತಾಗುತ್ತಿತ್ತು. ಕೊರಳಿಗೆ ಹಸ್ಸಿ ಅನ್ನುವ ಬಳೆಯಂಥ ಗಟ್ಟಿ ಹಾರ. ಮದುವೆಗೆ ಹಾಕುವ ನತ್ತು ಎಷ್ಟು ಭಾರವೆಂದರೆ ಮೂಗು ಹರಿಯದಿರಲಿ ಅಂತ ದಾರ ಕಟ್ಟಿ ಕೂದಲಿಗೆ ಸಿಕ್ಕಿಸಬೇಕು. ಮೂಗಿನ ನಡುವಿನಿಂದ ತುಟಿಯ ಮೇಲೆ ಇಳಿಬಿದ್ದ ಬುಲೊ ಬೇರೆ. ನೀರು ಕುಡಿಯುವಾಗ ಅದನ್ನು ಒಂದು ಬೆರಳಿನಿಂದ ಎತ್ತಿ ಹಿಡಿಯಬೇಕು. ನಾನಿ ಅದನ್ನು ಅಭಿನಯಿಸಿ ತೋರಿಸುತ್ತಿದ್ದಳು, ನಾನು ಮತ್ತು ಹಿನೆ ಸ್ಟೀಲ್ ಲೋಟ ಹಿಡಿದು ಇಲ್ಲದ ಬುಲೊ ಎತ್ತಿ ಎತ್ತಿ ನೀರು ಕುಡಿಯುತ್ತಿದ್ದೆವು.

‘ಈಗ?’ ಅನ್ನುತ್ತಿದ್ದಳು ನಾನಿ. ‘ಈಗ ನನ್ ಸೊಸೆಯಂದ್ರು ಹಾಕೋದು ಲೈಟ್ ವೇಟ್. ರೋಸ್ ಗೋಲ್ಡ್. ಒಂದು ಎಳೆ, ಒಂದು ವಜ್ರ. ಒಡವೇನಾ ಅದು? ಸೊಳ್ಳೆ ಕೂತಂಗಿದೆ, ಹೊಡೆಯೋಣ ಅನ್ಸುತ್ತೆ.’

ಅಮ್ಮನಂತೂ ಕಿವಿಗೆ ಒಂದೊಂದು ಹರಳು ಬಿಟ್ಟರೆ ಏನೂ ಹಾಕುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವಳಿಗೂ ಮೂಗು ಚುಚ್ಚಿಸಿದ್ದರು. ನರ್ಸಿಂಗ್ ಓದುವಾಗ ಥಿಯೇಟರ್ ಡ್ಯೂಟಿಗೆಂದು ತೆಗೆದಳು, ಮತ್ತೆ ಹಾಕಲಿಲ್ಲ, ತೂತು ಮುಚ್ಚಿತು. ನಾನಿಯ ಮನೆಯಲ್ಲಿ ಈ ಫೂಲಿಗೆ ಒಂದು ಪದ್ಧತಿ ಇತ್ತು. ಅದನ್ನು ಡಬ್ಬಿಯಲ್ಲಿಟ್ಟು ಕೊಡುವಂತಿಲ್ಲ. ತೊಟ್ಟಿದ್ದವಳು ತಾನೇ ಮೂಗಿನಿಂದ ಬಿಚ್ಚಿ, ಇನ್ನೊಬ್ಬಳ ಮೂಗಿಗೆ ತನ್ನ ಕೈಯಿಂದಲೇ ತೊಡಿಸಬೇಕು. ತೊಡಿಸಿದ ಮೇಲೆ ಅವಳು ಮತ್ತೆಂದೂ ಅದನ್ನು ಹಾಕುವ ಹಾಗಿಲ್ಲ. ಅಮ್ಮ ಬೇಡ ಅಂದಿದ್ದರಿಂದ ನಾನಿ ನನ್ನ ಮೂಗಿಗಾಗಿ ಕಾಯುತ್ತಿದ್ದಳು.

ಆ ಫೂಲಿಯನ್ನು ಅವಳು ಉಳಿಸಿಕೊಂಡದ್ದು ಸುಮ್ಮನೆ ಅಲ್ಲ. ದೇಶ ಒಡೆದಾಗ ಅವಳಿಗೆ ಒಂಬತ್ತು ವರ್ಷ. ಕರಾಚಿ ಬಂದರಿನಲ್ಲಿ ಹಡಗು ಹತ್ತುವ ಮೊದಲು ಹೆಂಗಸರ ಮೈಮೇಲಿನ ಒಡವೆ ಬಿಚ್ಚಿಸುತ್ತಿದ್ದರಂತೆ. ಹಸ್ಸಿ ಹೋಯಿತು, ಕಂಗಣ ಹೋಯಿತು, ಕಾಲಿನ ಕಡಗ ಹೋಯಿತು. ಮೂಗಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ತಾಯಿಯ ಮೈಮೇಲೆ ಉಳಿದದ್ದು ಆ ಒಂದು ಹೂವು, ಸಾಯುವ ಮೊದಲು ಅದನ್ನು ನಾನಿಗೆ ತೊಡಿಸಿದಳು. ಆಮೇಲೆ ನಾನಾ ತೀರಿಕೊಂಡಾಗ ಹೆಂಗಸರು ಸುತ್ತ ಕೂತು ‘ಬಳೆ ತೆಗಿ, ಫೂಲಿ ತೆಗಿ’ ಅಂದರು. ನಾನಿ ಬಳೆ ತೆಗೆದಿಟ್ಟಳು. ಫೂಲಿಗೆ ಕೈ ಹಚ್ಚಲು ಬಂದವಳಿಗೆ, ‘ಇದು ನನ್ ಗಂಡ ಕೊಟ್ಟಿದ್ದಲ್ಲ, ನನ್ ತಾಯಿ ಕೊಟ್ಟಿದ್ದು. ನನ್ ತಾಯಿಗೆ ನಾನಿನ್ನೂ ಮಗಳೇ’ ಅಂದಳಂತೆ. ಇದನ್ನು ಹೇಳುವಾಗ ಅವಳ ಲಟ್ಟಣಿಗೆ ಒಂದು ಕ್ಷಣ ನಿಲ್ಲುತ್ತಿತ್ತು. ನನಗೋ, ಆ ಮೂಗು ನನ್ನದಾಗಬೇಕು ಅನ್ನಿಸುತ್ತಿತ್ತು.

‘ನನಗೂ ಚುಚ್ಚು ನಾನಿ’ ಎಂದು ಮೊದಲು ಕೇಳಿದವಳು ನಾನು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ಇದರ ಮೇಲೆ ಬೇರೆ ಕತೆ ಕಟ್ಟಲಾಯಿತು. ನಾನಿ ಅಮ್ಮನನ್ನೂ ಕೇಳಿದಳು, ಸಿಂಧಿಯಲ್ಲಿ, ನನ್ನೆದುರಿಗೇ. ನೈಟ್ ಶಿಫ್ಟ್ ಮುಗಿಸಿ ಬಂದಿದ್ದ ಅಮ್ಮ ಶೂ ಬಿಚ್ಚುತ್ತಾ, ‘ನಿನ್ನಿಷ್ಟ ಮಮ್ಮೀ. ಐಸ್ ಫ್ರೀಜರಿನ ಮೇಲಿನ ಖಾನೆಯಲ್ಲಿದೆ. ಸೂಜಿ ಹತ್ತು ನಿಮಿಷ ಕುದಿಸು’ ಅಂದಳು. ನರ್ಸ್ ಅಲ್ಲವೇ, ಸೂಜಿ ಕುದಿಸುವುದನ್ನು ಹೇಳಲು ಮರೆಯಲಿಲ್ಲ. ಹೇಳಿ, ಕರ್ಟನ್ ಎಳೆದು ಮಲಗಿದಳು.

ಹಿತ್ತಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿದರು. ಕೊಳೆತ ಪ್ಲಮ್ಮಿನ ಹುಳಿ ವಾಸನೆ, ಕೆನ್ನೆಗೆ ಬಳಿದ ಸನ್‌ಸ್ಕ್ರೀನ್ ವಾಸನೆ, ಬಟ್ಟಲಲ್ಲಿ ಬಿಸಿ ಮಾಡಿದ ಸಾಸಿವೆ ಎಣ್ಣೆ ಮತ್ತು ಅರಿಶಿನ. ಒಂದು ಕೈಯಲ್ಲಿ ಕೋಕಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಹಿನೆ ನನ್ನ ಕೈ ಹಿಡಿದಿದ್ದಳು. ನಾನಿ ನನ್ನ ಮೂಗಿಗೆ ಐಸ್ ಒತ್ತಿ, ಸೂಜಿ ಎತ್ತಿಕೊಂಡಳು.

‘ಬೇಕು ತಾನೆ ಪುಟ್ಟಿ? ಬೇಡ ಅಂದ್ರೆ ಈಗ್ಲೇ ಹೇಳು, ನಾನ್ ಬೇಜಾರ್ ಮಾಡ್ಕೊಳಲ್ಲ.’

‘ಬೇಕು.’

ಕಣ್ಣಲ್ಲಿ ನೀರು ಬುಳುಕ್ಕನೆ ಬಂತು, ಮೂಗಿಗಿಂತ ಮೊದಲು ಕಿವಿ ಬಿಸಿಯಾಯಿತು. ಕಣ್ಣು ಬಿಟ್ಟಾಗ ತೂತಿನಲ್ಲಿ ಸಣ್ಣ ಚಿನ್ನದ ತಂತಿ. ‘ಸ್ವೀಟ್ ಆ್ಯಸ್’ ಅಂದಳು ಹಿನೆ. ಇಲ್ಲಿನ ಮಕ್ಕಳ ‘ಸೂಪರ್’ ಅದು, ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಸಂಜೆ ಅಪ್ಪ ಬಂದ. ಲಂಚ್ ಬ್ಯಾಗ್ ಕೆಳಗಿಡದೆ ನನ್ನ ಮುಖವನ್ನೇ ನೋಡಿದ.

‘ಇದೇನಿದು? ನನಗ ಒಂದ್ ಮಾತ್ ಕೇಳಬಾರದಾಗಿತ್ತೇನು?’ ಅಂತ ಅಮ್ಮನಿಗೆ.

ಉತ್ತರ ಕೊಟ್ಟವಳು ನಾನಿ. ‘ಅಳಿಯಂದಿರೇ, ನಿಮ್ ತಾಯಿಗೂ ಇದೆಯಲ್ಲ ಮೂಗುತಿ? ಮದುವೇಲಿ ನೋಡಿದೀನಿ, ಏಳು ಕಲ್ಲಿಂದು.’

‘ನಮ್ಮವ್ವ ಇಲ್ಲೆ ಶಾಲಿಗೆ ಹೊಂಟಿಲ್ರಿ, ಅತ್ತಿ.’

ನಾನಿ ನಕ್ಕುಬಿಟ್ಟಳು. ಅಪ್ಪನ ಮಾತು ಚೂಪಾಗಿತ್ತು, ನಗುವ ಹಾಗೂ ಇತ್ತು. ಅವನು ನಗಲಿಲ್ಲ. ಅವನಿಗೆ ನೋವಾದದ್ದು ನನ್ನ ಮೂಗಿಗಾಗಿ ಅಲ್ಲ, ತನ್ನ ಮನೆಯಲ್ಲಿ ಹೆಂಡತಿಯ ತವರಿನವರು ತನ್ನನ್ನು ಕೇಳದೆ ಒಂದು ಕೆಲಸ ಮಾಡಿದರು ಅಂತ. ಈಗ ಅದು ನನಗೆ ಕನ್ನಡಿಯಷ್ಟು ಸ್ಪಷ್ಟ. ಆಗ ನಾನು ತಂತಿ ತಿರುಗಿಸಿಕೊಳ್ಳುವುದರಲ್ಲಿ ಮುಳುಗಿದ್ದೆ.

ಮೂರು ವಾರ ನಾನಿ ದಿನಕ್ಕೆರಡು ಸಲ ಎಣ್ಣೆ ಹಚ್ಚಿದಳು. ಕೀವಾಗಲಿಲ್ಲ, ಊತ ಇಳಿಯಿತು. ರಜೆಯ ಕೊನೆಯ ಭಾನುವಾರ ಅವಳು ಸ್ನಾನ ಮಾಡಿ, ಕನ್ನಡಿ ಮುಂದೆ ನಿಂತು, ಸೋಪಿನ ನೊರೆ ಹಚ್ಚಿ ಫೂಲಿಯನ್ನು ತನ್ನ ಮೂಗಿನಿಂದ ಬಿಚ್ಚಿದಳು. ಎಷ್ಟೋ ವರ್ಷದಿಂದ ತಿರುಗಿಸದ ತಿರುಪು, ಬಿಡಲು ಅರ್ಧ ಗಂಟೆ ಹಿಡಿಯಿತು. ನನಗೆ ತೊಡಿಸಿದಳು. ಅವಳ ಮೂಗು ಬರಿದಾಗಿ ಮುಖ ಯಾರದೋ ಆದಂತೆ ಕಂಡಿತು. ನನಗೆ ಸ್ವಲ್ಪ ಹೆದರಿಕೆಯಾಯಿತು, ‘ವಾಪಸ್ ಹಾಕ್ಕೋ ನಾನಿ’ ಅಂದೆ. ‘ಏಯ್, ಹುಚ್ಚಿ’ ಎಂದು ನನ್ನ ಗಲ್ಲ ಹಿಂಡಿದಳು.

ಮಂಗಳವಾರ ಹೊಸ ಶಾಲೆ. ಇಲ್ಲಿ ಏಳು, ಎಂಟನೇ ಕ್ಲಾಸಿಗೆಂದೇ ಇರುವ ಎರಡು ವರ್ಷದ ಇಂಟರ್‌ಮೀಡಿಯಟ್, ಮೊದಲ ಸಲ ಯೂನಿಫಾರ್ಮ್. ನಿಯಮ ಇಷ್ಟೇ: ಕಿವಿಗೆ ಒಂದೊಂದು ಹರಳು, ಒಂದು ವಾಚು. ಟೀಚರ್ ನನ್ನ ಮೂಗು ನೋಡಿದರು, ಹಿನೆಯ ಕೊರಳು ನೋಡಿದರು. ಬೈಯಲಿಲ್ಲ. ‘ತುಂಬ ಚೆನ್ನಾಗಿದೆ. ನಿಮ್ಮ ಮನೆತನದ್ದೋ, ಸಂಸ್ಕೃತಿಯದ್ದೋ ಆದರೆ ಇಟ್ಟುಕೊಳ್ಳಬಹುದು. ಮನೆಯಿಂದ ಒಂದು ಪತ್ರ ಬೇಕು, ಅಷ್ಟೇ. ಒಂದು ಸಾಲು ಸಾಕು. ಆಟದ ಪಿರಿಯಡ್ಡಿನಲ್ಲಿ ಮೇಲೆ ಪ್ಲಾಸ್ಟರ್ ಅಂಟಿಸಿಕೋ’ ಅಂದರು. ಹಿನೆಯ ಅಜ್ಜಿ ಮರುದಿನವೇ ಒಂದು ಸಾಲು ಬರೆದು ಕಳಿಸಿದಳು. ಇದು ಅವಳ ಮುತ್ತಜ್ಜಿಯದು, ತೆಗೆಯುವುದಿಲ್ಲ, ಇಷ್ಟೇ ಇತ್ತು ಅದರಲ್ಲಿ.

ನಾನು ಊಟಕ್ಕೆ ಕೂತಾಗ ಕುಣಿಯುತ್ತಾ ಇದನ್ನೆಲ್ಲ ಹೇಳಿದೆ. ನಾನಿಗೆ ಖುಷಿಯೋ ಖುಷಿ. ‘ನೋಡ್ದ್ಯಾ, ಒಳ್ಳೆ ಜನ’ ಅಂದಳು. ಅಪ್ಪ ತಟ್ಟೆ ನೋಡುತ್ತಾ, ‘ಬರೀತೀನಿ’ ಅಂದ.

ಗುರುವಾರ ಬೆಳಿಗ್ಗೆ ಬಿಳಿ ಲಕೋಟೆ ಟೇಬಲ್ ಮೇಲಿತ್ತು. ಅಪ್ಪ ಆಗಲೇ ಕೆಲಸಕ್ಕೆ ಹೋಗಿದ್ದ. ಅಮ್ಮ ಸಿಂಕಿನ ಕಡೆ ಮುಖ ಮಾಡಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ನಾನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅವಳು ಆ ಲಕೋಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ನನ್ನ ಬ್ಯಾಗಿನೊಳಗೆ ಇಟ್ಟಳು. ‘ಮಡಚ್ಬೇಡ’ ಅಂದಳು. ಅಮ್ಮ ಇದನ್ನು ನೋಡಿದಳು. ನೋಡಿಯೂ ನಲ್ಲಿ ನಿಲ್ಲಿಸಲಿಲ್ಲ.

ಲಕೋಟೆಗೆ ಅಂಟು ಹಚ್ಚಿರಲಿಲ್ಲ. ಮೂಲೆಯ ಡೇರಿ ಅಂಗಡಿಯ ಮುಂದೆ ಬೆಂಚಿದೆ, ಅಲ್ಲಿ ಕೂತು ನಾನು ಮತ್ತು ಹಿನೆ ತೆಗೆದು ಓದಿದೆವು. ನಮ್ಮ ಮನೆಯ ಬಗ್ಗೆ, ಫೂಲಿಯ ಬಗ್ಗೆ ಅಪ್ಪ ಇಂಗ್ಲಿಷಿನಲ್ಲಿ ಏನು ಬರೆದಿರಬಹುದು ಅಂತ ನನಗೆ ಹೆಮ್ಮೆಯ ಕುತೂಹಲ. ಬರೆದದ್ದು ಹೀಗಿತ್ತು:

‘ನಮ್ಮ ಮಗಳು ಮೂಗು ಚುಚ್ಚಿಸಿಕೊಂಡು ಶಾಲೆಗೆ ಬಂದದ್ದಕ್ಕೆ ಕ್ಷಮೆ ಕೋರುತ್ತೇವೆ. ವಯಸ್ಸಾದ ಸಂಬಂಧಿಕರೊಬ್ಬರು ನಮ್ಮ ಒಪ್ಪಿಗೆ ಇಲ್ಲದೆ ಇದನ್ನು ಮಾಡಿದ್ದಾರೆ. ನಮ್ಮ ಕುಟುಂಬದಲ್ಲಿ ಇದಕ್ಕೆ ಯಾವ ಸಾಂಸ್ಕೃತಿಕ ಅಥವಾ ಧಾರ್ಮಿಕ ಅರ್ಥವೂ ಇಲ್ಲ. ಇಂದೇ ತೆಗೆಸುತ್ತೇವೆ.’

ಕೆಳಗೆ ಇಬ್ಬರ ಸಹಿ. ಅಪ್ಪನದು ಉದ್ದ, ಅಮ್ಮನದು ಗಿಡ್ಡ.

ನಾನು ಅಮ್ಮನ ಆ ಸಹಿಯನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಸೂಜಿ ಹತ್ತು ನಿಮಿಷ ಕುದಿಸು ಅಂದವಳು. ಒಪ್ಪಿಗೆ ಇಲ್ಲದೆ! ಮತ್ತೆ ಅಪ್ಪ, ಏಳು ಕಲ್ಲಿನ ಮೂಗುತಿಯ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು, ಯಾವ ಅರ್ಥವೂ ಇಲ್ಲ ಅಂತ ಬರೆದಿದ್ದ. ಬಂದರಿನವರು ಕಿತ್ತುಕೊಳ್ಳಲಿಲ್ಲ, ಸಾವಿನ ಮನೆಯ ಹೆಂಗಸರಿಗೆ ಕಿತ್ತುಕೊಳ್ಳಲು ಆಗಲಿಲ್ಲ. ಮಗಳು ಅಳಿಯ ಸೇರಿ ನಾಲ್ಕು ಸಾಲಿನಲ್ಲಿ ಮುಗಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ‘ವಯಸ್ಸಾದ ಸಂಬಂಧಿಕರೊಬ್ಬರು’ ಅಂತೆ. ಆ ಸಂಬಂಧಿಕರು ಕಣ್ಣಿಗೆ ಒತ್ತಿಕೊಂಡ ಕಾಗದ ಅದು.

ಹಿನೆ ಎರಡು ಸಲ ಓದಿ, ‘ಸುಳ್ಳಲ್ವಾ ಇದು? ನಾನೇ ಅಲ್ಲಿದ್ನಲ್ಲ’ ಅಂದಳು ಇಂಗ್ಲಿಷಿನಲ್ಲಿ. ಆಮೇಲೆ ಡೇರಿಯ ಕಸದ ಬುಟ್ಟಿ ತೋರಿಸಿದಳು. ‘ಬಿಸಾಕು. ನಮ್ಮ ಅಜ್ಜಿ ಬರೆದುಕೊಡ್ತಾಳೆ ನಿನಗೆ. ಅವಳಿಗೆ ನಿನ್ನ ನಾನಿ ಗೊತ್ತು.’

ಬಿಸಾಕಬಹುದಿತ್ತು. ಹದಿನೈದು ವರ್ಷದಿಂದ ನಾನು ಆ ಬೆಂಚಿನ ಮೇಲೆ ಕೂತು ಆ ಲಕೋಟೆಯನ್ನು ಬಿಸಾಕುತ್ತಲೇ ಇದ್ದೇನೆ. ಆದರೆ ಆವತ್ತು ಬಿಸಾಕಲಿಲ್ಲ. ನಾವು ದೊಡ್ಡವರು ಕೊಟ್ಟ ಕಾಗದವನ್ನು ಎಲ್ಲಿಗೆ ಕೊಡು ಅಂದರೆ ಅಲ್ಲಿಗೆ ಕೊಡುವ ಮಕ್ಕಳು. ಹೋಮ್‌ವರ್ಕ್ ಮರೆಯದ, ಬೇರೆ ಮಕ್ಕಳಿಗೆ ಮಾದರಿ ಅಂತ ಆಂಟಿಯರು ಹೊಗಳುವ ಜಾತಿ. ಮಡಚದೆ ತೆಗೆದುಕೊಂಡು ಹೋಗಿ ಟೀಚರ್ ಕೈಗೆ ಕೊಟ್ಟೆ. ಅವರು ಓದಿ, ನನ್ನನ್ನು ನೋಡಿ, ‘ನಿಜವೇ ಜಾನು? ನಿನಗೂ ಹೀಗೇ ಅನ್ನಿಸುತ್ತದೆಯೇ?’ ಅಂತ ಕೇಳಿದರು. ಒಂದು ಬಾಗಿಲು ತೆರೆದು ನಿಂತ ಹೆಂಗಸು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಮೇಲೆ ನನಗಿರುವ ಸಿಟ್ಟು ಆ ತಲೆಯಾಡಿಸಿದ್ದಕ್ಕೆ.

ಸಂಜೆ ಅಮ್ಮ ಕೈಗೆ ಗ್ಲೌಸ್ ಹಾಕಿಕೊಂಡಳು. ಆಸ್ಪತ್ರೆಯ ನೀಲಿ ಗ್ಲೌಸ್, ಬಟ್ಟಲಲ್ಲಿ ಉಪ್ಪುನೀರು, ಹತ್ತಿ. ಎಲ್ಲ ಬಹಳ ಶುದ್ಧ. ನಾನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

‘ಶಾಲ್ಯಾಗ ಒಪ್ಪಲಿಲ್ರಿ ಅತ್ತಿ’ ಅಂದ ಅಪ್ಪ. ‘ಕಿವಿಗೆ ಒಂದೊಂದು ಬಿಟ್ರ ಬ್ಯಾರೆ ಏನೂ ಹಾಕೂಹಂಗಿಲ್ಲಂತ.’

ನಾನು ಬಾಯಿ ತೆರೆದೆ. ಅಮ್ಮನ ಬೆರಳು ನನ್ನ ಮೂಗನ್ನು ಒತ್ತಿತು. ‘ಅಲ್ಲಾಡಬೇಡ ಪುಟ್ಟಾ, ನೋವಾಗತ್ತೆ’ ಅಂದಳು.

ನಾನಿಯ ಮುಖ ಕೆಂಪಾಯಿತು. ಅವಳ ಸಿಟ್ಟು ನಾನು ನೋಡಿದ್ದು ಅದೇ ಮೊದಲು. ‘ನಾನ್ ಬರ್ತೀನಿ ನಾಳೆ ಸ್ಕೂಲಿಗೆ. ಸೀರೆ ಉಟ್ಕೊಂಡು ಬಂದು ಕೂತ್ಕೋತೀನಿ. ಅವ್ರಿಗೆ ಹೇಳಬೇಕಾದ್ದು ನಾನ್ ಹೇಳ್ತೀನಿ, ನೀವು ಇಂಗ್ಲಿಷ್ ಮಾಡಿ.’

‘ಬ್ಯಾಡ್ರಿ. ಇಲ್ಲೆ ಕಾನೂನೇ ಹಂಗೈತ್ರಿ.’

ಕಾನೂನು ಅಂದ ಕೂಡಲೇ ನಾನಿ ತಣ್ಣಗಾದಳು. ಕಾನೂನಿನ ಜೊತೆ ಜಗಳವಾಡಿ ಪ್ರಯೋಜನವಿಲ್ಲ ಅನ್ನುವುದನ್ನು ಅವಳು ಒಂಬತ್ತನೇ ವಯಸ್ಸಿನಲ್ಲೇ ಕಲಿತಿದ್ದಳು. ‘ಇಷ್ಟು ದೊಡ್ಡ ದೇಶ, ಒಂದು ಮಗು ಮೂಗಿಗೆ ಯಾಕ್ ಇಷ್ಟ್ ಹೆದರ್ತಾರೆ?’ ಅಂತ ಸುಮ್ಮನೆ ಕೇಳಿದಳು, ಯಾರನ್ನೂ ನೋಡದೆ. ಅಮ್ಮ ಫೂಲಿಯನ್ನು ಹತ್ತಿಯ ಮೇಲಿಟ್ಟು ಅವಳ ಮುಂದೆ ಹಿಡಿದಳು. ‘ನೀನೇ ಹಾಕ್ಕೊ ಮಮ್ಮೀ.’

‘ಕೊಟ್ಟಿದ್ದನ್ನ ವಾಪಸ್ ಹಾಕ್ಕೊಳಲ್ಲ’ ಎಂದು ನಾನಿ ಅದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿದಳು.

ಮಾರನೇ ದಿನವೇ ತೂತು ಮುಚ್ಚಿತು. ಹೊಸ ತೂತಿಗೆ ಹಠ ಇರುವುದಿಲ್ಲ. ಉಳಿದದ್ದು ಒಂದು ಚುಕ್ಕೆ.

ನಾನಿ ಇನ್ನೂ ನಾಲ್ಕು ತಿಂಗಳು ನಮ್ಮ ಜೊತೆಗಿದ್ದಳು. ಆ ನಾಲ್ಕು ತಿಂಗಳೂ ನನಗೆ ನಿಜ ಗೊತ್ತಿತ್ತು, ಹಿನೆಗೆ ಗೊತ್ತಿತ್ತು, ನಾನಿಗೆ ಗೊತ್ತಿರಲಿಲ್ಲ. ನಾನು ಪತ್ರ ಓದಿದ್ದೇನೆ ಅಂತ ಅಮ್ಮನಿಗೆ ಹೇಳಿದಾಗ ಅವಳು ಅತ್ತಳು. ಅತ್ತು, ‘ನಾನಿಗೆ ಹೇಳ್ಬೇಡ. ಹೇಳಿದ್ರೆ ಅವರು ನಾಳೆನೇ ಹೊರಟು ಹೋಗ್ತಾರೆ, ಮತ್ತೆ ಯಾವತ್ತೂ ಬರಲ್ಲ. ಬೇಕಾ ನಿನಗೆ?’ ಅಂದಳು. ಹನ್ನೊಂದು ವರ್ಷದ ಮಗುವಿಗೆ ಕೇಳುವ ಪ್ರಶ್ನೆಯೇ ಅದು? ಬೇಡ ಅಂದೆ. ಬಾಯಿ ಮುಚ್ಚಿಕೊಂಡೆ. ನಾನಿ ಶಾಲೆಯ ಗೇಟಿನ ತನಕ ನನ್ನನ್ನು ಬಿಡಲು ಬರುತ್ತಿದ್ದಳು, ಟೀಚರ್ ‘ಗುಡ್ ಮಾರ್ನಿಂಗ್’ ಅಂದರೆ ಮುಖ ತಿರುಗಿಸುತ್ತಿದ್ದಳು. ಪೋಸ್ಟಿನವನಿಗೂ ಕೂರಲು ಹೇಳುವವಳು! ಟೀಚರಿಗೆ ಪಾಪ, ಈ ಮುದುಕಿಗೆ ತಾನೇನು ಮಾಡಿದೆ ಅಂತ ತಿಳಿಯಲಿಲ್ಲ.

ನಾನಿ ಜೂನಿನಲ್ಲಿ ಊರಿಗೆ ವಾಪಸ್ ಹೋದಳು. ಮತ್ತೆ ಬರಲೇ ಇಲ್ಲ. ಎರಡು ವರ್ಷಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡಳು.

ಈಗ ನಾನು ಒನೆಹುಂಗಾದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ದಿನಕ್ಕೆ ಹದಿನೈದು ಮುಖ, ಗೇಣು ದೂರದಲ್ಲಿ. ಬ್ಯಾಂಕಿನವಳ ಮೂಗಿನಲ್ಲಿ ಹರಳಿದೆ, ಬಸ್ ಓಡಿಸುವವಳ ಮೂಗಿನಲ್ಲಿ ರಿಂಗಿದೆ, ಕಳೆದ ವಾರ ಬಂದ ಒಬ್ಬ ಶಾಲೆ ಟೀಚರಿಗೆ ಮೂಗಿನ ನಡುವೆಯೇ ಇತ್ತು, ನಾನಿ ಹೇಳುತ್ತಿದ್ದ ಬುಲೊ ಇರುವ ಕಡೆ. ಯಾರ ಅಪ್ಪ ಯಾರಿಗೆ ಪತ್ರ ಬರೆದಿದ್ದಾನೆ ಅಂತ ನಾನು ಕೇಳುವುದಿಲ್ಲ. ಮತ್ತೆ ಚುಚ್ಚಿಸಿಕೊಳ್ಳಬಾರದೇ ಅಂತ ಗೆಳತಿಯರು ಹೇಳುತ್ತಾರೆ. ಮಾಲಿನಲ್ಲಿ ಐದು ನಿಮಿಷದ ಕೆಲಸವಂತೆ. ಆ ತೂತಿಗೆ ತೊಡಿಸುವವರು ಯಾರು?

ಹೋದ ದೀಪಾವಳಿಗೆ ಕನ್ನಡದವರೆಲ್ಲ ಒಂದು ಹಾಲ್ ಬಾಡಿಗೆಗೆ ಹಿಡಿದು ಸೇರಿದ್ದರು. ಅಪ್ಪ ಈಗ ಹಿರಿಯ, ಜುಬ್ಬಾ ಹಾಕಿಕೊಂಡು ಮೈಕು ಹಿಡಿದ. ‘ನಮ್ಮ ಮಕ್ಕಳಿಗೆ ನಮ್ಮ ಸಂಸ್ಕೃತಿ ಗೊತ್ತಿರಬೇಕು. ನಾವು ನಾಚಿಕೊಂಡರೆ ಅವರು ಮರೆತುಬಿಡುತ್ತಾರೆ’ ಅಂದ. ಚಪ್ಪಾಳೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅಮ್ಮನ ಮೂಗಿನಲ್ಲಿ ದೊಡ್ಡ ನತ್ತು ಹೊಳೆಯುತ್ತಿತ್ತು. ಆನ್‌ಲೈನಿನಲ್ಲಿ ತರಿಸಿದ್ದು, ತೂತು ಬೇಡ, ಒತ್ತಿ ಕೂರಿಸಿದರೆ ಕೂರುತ್ತದೆ. ‘ಪಕ್ಕಾ ಸಿಂಧಿ ಲುಕ್’ ಅಂತ ಆಂಟಿಯೊಬ್ಬರು ಫೋಟೋ ತೆಗೆದರು. ಊಟದ ಹೊತ್ತಿಗೆ ಅಮ್ಮ ಅದನ್ನು ಕಿತ್ತು ಪರ್ಸಿಗೆ ಹಾಕಿಕೊಂಡಳು, ಮೂಗು ಕಡಿಯುತ್ತದೆ ಅಂತ.

ಕಾರ್ ಪಾರ್ಕಿನಲ್ಲಿ ನನಗೆ ತಡೆಯಲಾಗಲಿಲ್ಲ. ‘ಅಪ್ಪ, ನೀ ಆ ಪತ್ರ ಬರೆದಿದ್ದೆಯಲ್ಲ, ನೆನಪಿದೆಯಾ?’

‘ಯಾವ ಪತ್ರ?’

ನಾನು ಸಾಲು ಸಾಲಾಗಿ ಒಪ್ಪಿಸಿದೆ, ಬಾಯಿಪಾಠ ಒಪ್ಪಿಸಿದ ಹಾಗೆ. ಅಮ್ಮ ಕಾರಿನ ಬಾಗಿಲು ಹಿಡಿದು ನಿಂತಳು. ಅಪ್ಪ ಕೈಯಲ್ಲಿದ್ದ ಕೀಲಿ ತಿರುಗಿಸಿದ. ‘ಆಗ ಇಲ್ಲೆ ಕಾಯಂ ಇರಲಿಕ್ಕೆ ರೆಸಿಡೆನ್ಸಿ ಇನ್ನೂ ಬಂದಿದ್ದಿಲ್ಲ ಜಾನು. ಎಲ್ಲಾದ್ಕೂ ಹೆದರಿಕಿ. ಯಾರ ಕಣ್ಣಿಗೂ ಬೀಳಬಾರ್ದು ಅಂತ... ನಿನಗ ತಿಳಿಯೂದಿಲ್ಲ.’

ತಿಳಿಯುತ್ತದೆ. ಹೆದರಿಕೆ ನನಗೆ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಯಾರೂ ಹೆದರಿಸಿರಲಿಲ್ಲವಲ್ಲ. ಒಂದು ಸಾಲು ಬರೆಯಿರಿ, ಇಟ್ಟುಕೊಳ್ಳಲಿ ಅಂದಿದ್ದರು. ಆ ಒಂದು ಸಾಲನ್ನು ಹಿನೆಯ ಅಜ್ಜಿ ಅಡುಗೆಮನೆಯಲ್ಲಿ ನಿಂತು ಬರೆದಿದ್ದಳು. ಯಾರೂ ಕೇಳದ ಕ್ಷಮೆಯನ್ನು ಕೋರಲು ಅಪ್ಪ ನಾಲ್ಕು ಸಾಲು ಬರೆದ. ಅವನ ಮೇಲಿನ ಪ್ರೀತಿ ಹೋಗಿಲ್ಲ, ಹೋಗುವುದೂ ಇಲ್ಲ, ಅದಕ್ಕೇ ಈ ಸಿಟ್ಟಿಗೆ ಕೊನೆಯಿಲ್ಲ.

ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಹೇಳಲು ನಾಚಿಕೆಯಾಗುವ ಒಂದು ಮಾತು ಉಳಿದಿದೆ, ಅದನ್ನು ಬಿಟ್ಟರೆ ನಾನೂ ಅವರ ಜೊತೆ ಸಹಿ ಹಾಕಿದಂತೆ.

ನಾನಿ ಇಲ್ಲಿಂದ ವಾಪಸ್ ಹೋದ ನಾಲ್ಕೈದು ತಿಂಗಳಿಗೆ, ಬೆಂಗಳೂರಿಂದ ಬಂದ ಪರಿಚಯದವರ ಕೈಯಲ್ಲಿ ಒಂದು ಡಬ್ಬಿ ಕಳಿಸಿದಳು. ಒಳಗೆ ಕಿವಿಗೆ ಹಾಕುವ ಎರಡು ಚಿನ್ನದ ಗುಂಡು. ಮೆಣಸಿನ ಕಾಳಿಗಿಂತ ಚಿಕ್ಕವು, ಎಸಳಿಲ್ಲ, ಕಲ್ಲಿಲ್ಲ. ಅವತ್ತೇ ಫೋನು ಬಂತು.

‘ನೋಡಿದ್ಯಾ ಪುಟ್ಟಿ? ಫೂಲಿ ಕರಗಿಸಿ ಮಾಡ್ಸಿದ್ದು. ಚಿನ್ನ ಸಾಲ್ಲಿಲ್ಲ, ನನ್ ಉಂಗುರದ್ದು ಒಂಚೂರು ಹಾಕ್ದೆ. ಕಿವಿಗೆ ಒಂದೊಂದೇ, ಚಿಕ್ಕದಾಗಿರ್ಬೇಕು ಅಂತ ಕಾನೂನಲ್ವಾ? ಅಳತೆ ನಿಮ್ ಅಪ್ಪನ್ನೇ ಕೇಳಿ ಬರ್ಕೊಂಡೆ. ಈಗ ಯಾರೂ ನಿನ್ ಹತ್ರ ತೆಗಿ ಅನ್ನಲ್ಲ.’

ಅಪ್ಪನನ್ನು ಕೇಳಿದ್ದಳು. ಯಾಕೆ ಕೇಳುತ್ತಿದ್ದಾಳೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಳತೆ ಹೇಳಿದ್ದ.

ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ‘ಚೆನ್ನಾಗಿದೆ ನಾನಿ’ ಅಂದೆ. ಮರುವಾರ ಅವಳು ಮತ್ತೆ ಫೋನ್ ಮಾಡಿದಳು. ಹೇಗಿದ್ದೀಯ, ಊಟ ಆಯ್ತಾ ಅಂತಲೂ ಕೇಳದೆ ಮೊದಲು ಕೇಳಿದ್ದು ಅದನ್ನೇ: ‘ಹಾಕ್ಕೊಂಡು ಹೋದ್ಯಾ? ಸ್ಕೂಲ್‌ನೋರು ಏನಾದ್ರೂ ಅಂದ್ರಾ?’

‘ಇಲ್ಲ ನಾನಿ’ ಅಂದೆ. ‘ಸ್ಕೂಲ್‌ನೋರು ಏನೂ ಅನ್ಲಿಲ್ಲ.’